ಓದುಗರ ಪ್ರಶ್ನೆ: ಬಹುಮತ ಹೋದರೂ ಅಮೆರಿಕದ ಸರ್ಕಾರ ಯಾಕೆ ಬೀಳುವುದಿಲ್ಲ?

ಪ್ರಶ್ನೆ: 2022ರಲ್ಲಿ ಅಮೆರಿಕದಲ್ಲಿ ಮಧ್ಯಂತರ ಚುನಾವಣೆ ನಡೆದು ಬೈಡನ್ ಅವರ ಪಕ್ಷ ಕೆಳಮನೆಯಲ್ಲಿ ಬಹುಮತ ಕಳೆದುಕೊಂಡಿತು ಅಂತ ಓದಿದ್ದೆ. ಆದರೂ ಬೈಡನ್ ಇನ್ನೂ ಎರಡು ವರ್ಷ ಅಧ್ಯಕ್ಷರಾಗಿಯೇ ಇದ್ದರು. ನಮ್ಮಲ್ಲಾಗಿದ್ದರೆ ಸರ್ಕಾರ ಬಿದ್ದೇ ಹೋಗ್ತಿತ್ತು, ಅಲ್ವಾ? ಹಾಗಾದರೆ ಅಲ್ಲಿ ಸದನ ವಿಸರ್ಜನೆ ಆಗುವುದು ಯಾವಾಗ?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಆಗಾಗ ಬರುತ್ತಿರುತ್ತದೆ. ಕೊನೆಯ ತುಂಡಿಗೆ ಮೊದಲು ಉತ್ತರಿಸಿಬಿಡುತ್ತೇನೆ: ಆಗುವುದೇ ಇಲ್ಲ. ಅಲ್ಲಿನ ಸಂಸತ್ತನ್ನು ಅವಧಿಗೆ ಮುಂಚೆ ವಿಸರ್ಜಿಸುವ ಅಧಿಕಾರ ಯಾರಿಗೂ ಇಲ್ಲ. ಅಧ್ಯಕ್ಷರಿಗಿಲ್ಲ, ಕೋರ್ಟಿಗಿಲ್ಲ, ಸಂಸತ್ತಿಗೇ ಇಲ್ಲ.

ಈ ಗೊಂದಲಕ್ಕೆ ಅರ್ಧ ಕಾರಣ ನಮ್ಮ ಪತ್ರಿಕೆಗಳು ಹಿಡಿದುಕೊಂಡಿರುವ ಪದ. 'ಮಧ್ಯಂತರ ಚುನಾವಣೆ' ಅಂದರೆ ನಮಗೆ ನೆನಪಾಗುವುದು ಅವಧಿ ಮುಗಿಯುವ ಮೊದಲೇ ಬಂದ ಚುನಾವಣೆ. ರಾಮಕೃಷ್ಣ ಹೆಗಡೆ ಅವರನ್ನೇ ನೋಡಿ. 1983ರಲ್ಲಿ ಮುಖ್ಯಮಂತ್ರಿಯಾದರು, 1984ರ ಲೋಕಸಭೆ ಚುನಾವಣೆಯಲ್ಲಿ ಅವರ ಪಕ್ಷ ರಾಜ್ಯದಲ್ಲಿ ನೆಲಕಚ್ಚಿತು. ರಾಜೀನಾಮೆ ಕೊಟ್ಟು, 1985ರಲ್ಲಿ ಮತ್ತೆ ಜನರ ಮುಂದೆ ಹೋಗಿ ಗೆದ್ದು ಬಂದರು. ಅದು ನಮ್ಮ ಮಧ್ಯಂತರ. ಅಮೆರಿಕದವರು 'ಮಿಡ್‌ಟರ್ಮ್' ಅನ್ನುವುದು ಅಧ್ಯಕ್ಷರ ನಾಲ್ಕು ವರ್ಷದ ನಡುವೆ, ಕ್ಯಾಲೆಂಡರ್ ಪ್ರಕಾರವೇ ಬರುವ ಚುನಾವಣೆಗೆ. ಕೆಳಮನೆಯ ಸದಸ್ಯರ ಪಾಲಿಗೆ ಅದು ಮಧ್ಯವೂ ಅಲ್ಲ, ಅಂತರವೂ ಅಲ್ಲ. ಅವರ ಅವಧಿ ಇರುವುದೇ ಎರಡು ವರ್ಷ. ನಾನಂತೂ ಅದನ್ನು ಸುಮ್ನೆ ಮಿಡ್‌ಟರ್ಮ್ ಅಂತಲೇ ಕರೆಯುತ್ತೇನೆ.

ಇನ್ನೊಂದು ಪದದ ತಾಪತ್ರಯ. ಅಲ್ಲಿನ ಸಂಸತ್ತಿನ ಹೆಸರೇ ಕಾಂಗ್ರೆಸ್. ನಮ್ಮ ಕಾಂಗ್ರೆಸ್ ಜೊತೆ ಕಲಸಿಹೋಗದಿರಲಿ ಅಂತ ಇಲ್ಲಿ ಸಂಸತ್ತು ಅಂತಲೇ ಬರೆದಿದ್ದೇನೆ.

ಕೆಳಮನೆಯಲ್ಲಿ 435 ಜನ. ಪ್ರತಿ ಎರಡು ವರ್ಷಕ್ಕೊಮ್ಮೆ ಎಲ್ಲರೂ ಮತ್ತೆ ಗೆದ್ದು ಬರಬೇಕು. ವಾಷಿಂಗ್ಟನ್ ಡಿಸಿ, ಪೋರ್ಟೊ ರಿಕೊ ಮುಂತಾದ ಕಡೆಯಿಂದ ಇನ್ನೂ 6 ಜನ ಇರುತ್ತಾರೆ. ಅವರು ಮಾತಾಡಬಹುದು, ಆದರೆ ಮಸೂದೆಯ ಅಂತಿಮ ಮತದಾನದಲ್ಲಿ ಮತ ಹಾಕುವಂತಿಲ್ಲ. ಮೇಲ್ಮನೆಯಾದ ಸೆನೆಟ್‌ನಲ್ಲಿ ರಾಜ್ಯಕ್ಕೆ ಇಬ್ಬರಂತೆ 100 ಜನ, ಅವಧಿ ಆರು ವರ್ಷ. ಎರಡೆರಡು ವರ್ಷಕ್ಕೆ ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ಸೀಟುಗಳಿಗೆ ಚುನಾವಣೆ. ಬೆಸ ವರ್ಷದ ಜನವರಿ 3ರ ಮಧ್ಯಾಹ್ನ 12ಕ್ಕೆ ಹಳೆ ಸಂಸತ್ತು ಮುಗಿದು ಹೊಸದು ಶುರು. ನೀವು ಕೇಳುತ್ತಿರುವುದು 118ನೆಯದರ ಬಗ್ಗೆ. 2023ರ ಜನವರಿ 3ರಿಂದ 2025ರ ಜನವರಿ 3ರವರೆಗೆ ಅದರ ಆಯಸ್ಸು.

ಇನ್ನು ಸರ್ಕಾರ ಬೀಳುವ ವಿಷಯ. ನಮ್ಮಲ್ಲಿ ಸರ್ಕಾರ ಹುಟ್ಟುವುದೇ ಸದನದ ಹೊಟ್ಟೆಯಲ್ಲಿ. 2019ರ ಜುಲೈ 23ರಂದು ವಿಧಾನಸೌಧದಲ್ಲಿ ಪರ 99, ವಿರುದ್ಧ 105 ಅಂತ ಲೆಕ್ಕ ಬಂತು, ಕುಮಾರಸ್ವಾಮಿ ಸರ್ಕಾರ ಅವತ್ತೇ ಮುಗಿಯಿತು. ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸುವ ಚುನಾವಣೆಯೇ ಬೇರೆ. ಮಂತ್ರಿಗಳು ಸಂಸತ್ತಿನ ಸದಸ್ಯರಾಗಿರುವಂತೆಯೇ ಇಲ್ಲ. ಹಾಗಾಗಿ 2022ರ ನವೆಂಬರಿನಲ್ಲಿ ರಿಪಬ್ಲಿಕನ್ನರು ಕೆಳಮನೆಯಲ್ಲಿ 222 ಸೀಟು ಗೆದ್ದರೂ, ಡೆಮಾಕ್ರಟಿಕ್ ಪಕ್ಷದ ಬೈಡನ್ ಅವರ ಕುರ್ಚಿ ಅಲ್ಲಾಡಲಿಲ್ಲ. ಸೆನೆಟ್ 51–49ರ ಅಂತರದಲ್ಲಿ ಡೆಮಾಕ್ರಟರ ಕಡೆಯೇ ಉಳಿಯಿತು. ಒಂದು ಮನೆ ಇವರದ್ದು, ಇನ್ನೊಂದು ಮನೆ ಮತ್ತು ಅಧ್ಯಕ್ಷ ಪದವಿ ಅವರದ್ದು. ಇಂಥ ಒಡೆದ ಅಧಿಕಾರ ಅಲ್ಲಿ ಹೊಸದೇನಲ್ಲ.

ಹಾಗಂತ ಏನೂ ಬೀಳುವುದಿಲ್ಲ ಅಂತಲ್ಲ. ಅವಧಿಗೆ ಮೊಳೆ ಹೊಡೆದಿದೆ, ಅದು ಅಲ್ಲಾಡದು. ಕುರ್ಚಿಯಲ್ಲಿ ಕೂತವರಿಗೆ ಯಾವ ಮೊಳೆಯೂ ಇಲ್ಲ. ಒತ್ತಡವೆಲ್ಲ ಬಂದು ಬೀಳುವುದು ಅವರ ಮೇಲೆ.

ಮೊದಲ ದಿನವೇ ಅದು ಕಾಣಿಸಿತು. ಹೊಸ ಕೆಳಮನೆ ಮಾಡಬೇಕಾದ ಮೊದಲ ಕೆಲಸ ಸ್ಪೀಕರ್ ಆಯ್ಕೆ. ಅದಾಗುವವರೆಗೆ ಬೇರೆ ಸದಸ್ಯರ ಪ್ರಮಾಣವಚನವೂ ಇಲ್ಲ. ರಿಪಬ್ಲಿಕನ್ನರ ಕೆವಿನ್ ಮೆಕಾರ್ಥಿ ಗೆಲ್ಲಬೇಕಿತ್ತು. ಆದರೆ ಅವರದೇ ಪಕ್ಷದ 19 ಜನ ಮೊದಲ ಸುತ್ತಿನಲ್ಲಿ ಕೈಕೊಟ್ಟರು. ಮೆಕಾರ್ಥಿಗೆ 203, ಡೆಮಾಕ್ರಟರ ಹಕೀಮ್ ಜೆಫ್ರೀಸ್‌ಗೆ 212. ಸದಸ್ಯರು ಮಕ್ಕಳುಮರಿ ಸಮೇತ ಪ್ರಮಾಣವಚನದ ಫೋಟೋಗೆ ಅಂತ ಬಂದಿದ್ದರು, ಪ್ರಮಾಣವಚನವೇ ಇಲ್ಲ. ಹೀಗೆ ಕಾದು ಕೂತವರಲ್ಲಿ ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಕೂಡ ಒಬ್ಬರು. ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ಕಡೆಯಿಂದ ಡೆಮಾಕ್ರಟಿಕ್ ಪಕ್ಷದಿಂದ ಮೊದಲ ಸಲ ಗೆದ್ದಿದ್ದರು. ನಾಲ್ಕು ದಿನ, 15 ಸುತ್ತು. ಕೊನೆಗೆ ಜನವರಿ 7ರಂದು, ಮಧ್ಯರಾತ್ರಿ ದಾಟಿದ ಮೇಲೆ ಮೆಕಾರ್ಥಿ ಗೆದ್ದರು. ಸ್ಪೀಕರ್ ಆಯ್ಕೆ ಮೊದಲ ಸುತ್ತಿನಲ್ಲಿ ಮುಗಿಯದೇ ಹೋಗಿದ್ದು 1923ರ ನಂತರ ಅದೇ ಮೊದಲು.

ಅದಕ್ಕೆ ಅವರು ಕೊಟ್ಟ ಬೆಲೆಯನ್ನು ಗಮನಿಸಿ. ಸ್ಪೀಕರ್ ಇಳಿಯಲಿ ಅನ್ನುವ ಗೊತ್ತುವಳಿಯನ್ನು ಒಬ್ಬನೇ ಸದಸ್ಯ ತರಬಹುದು ಅಂತ ಒಪ್ಪಿಕೊಂಡರು. ತಾವು ಕೂರುವ ಕೊಂಬೆಗೆ ತಾವೇ ಗರಗಸ ಕೊಟ್ಟ ಹಾಗಾಯ್ತು.

ಅಧಿಕಾರ ಒಡೆದಿರುವಾಗ ಸ್ಪೀಕರ್ ಪಾಡು ಕಷ್ಟವೇ. ಸ್ವಂತ ಪಕ್ಷ ಕೇಳಿದ್ದನ್ನೆಲ್ಲ ಕೆಳಮನೆಯಲ್ಲಿ ಪಾಸ್ ಮಾಡಿದರೂ ಸೆನೆಟ್ ಮುಟ್ಟುವುದಿಲ್ಲ. ಸೆನೆಟ್ ದಾಟಿದರೂ ಅಧ್ಯಕ್ಷರು ತಡೆಯಬಹುದು. ಅದನ್ನು ಮೀರಲು ಎರಡೂ ಮನೆಯಲ್ಲಿ ಮೂರನೇ ಎರಡು ಮತ ಬೇಕು. ಆದರೆ ಕೆಲವು ಕೆಲಸ ಆಗದಿದ್ದರೆ ದೇಶವೇ ನಿಲ್ಲುತ್ತದೆ. 2023ರ ಮೇ 31ರಂದು ಸಾಲದ ಮಿತಿಯ ಮಸೂದೆ ಕೆಳಮನೆಯಲ್ಲಿ 314–117ರಿಂದ ಪಾಸಾಯಿತು. ಪರವಾಗಿ ಬಿದ್ದ ಮತಗಳಲ್ಲಿ ರಿಪಬ್ಲಿಕನ್ನರವು 149, ಡೆಮಾಕ್ರಟರವು 165. ಅಂದರೆ ಸ್ಪೀಕರ್ ತಂದ ಮಸೂದೆಗೆ ಎದುರು ಪಕ್ಷದ್ದೇ ಜಾಸ್ತಿ ಮತ! ಸೆಪ್ಟೆಂಬರ್ 30ರಂದು ಸರ್ಕಾರಿ ಖರ್ಚಿಗೆ ತಾತ್ಕಾಲಿಕ ಒಪ್ಪಿಗೆ ಕೊಡುವಾಗಲೂ ಹಾಗೇ ಆಯಿತು.

ಮೂರೇ ದಿನ. ಅಕ್ಟೋಬರ್ 3ರಂದು ಫ್ಲಾರಿಡಾದ ಮ್ಯಾಟ್ ಗೇಟ್ಸ್ ತಂದ ಗೊತ್ತುವಳಿ 216–210ರಿಂದ ಗೆದ್ದಿತು. ಸ್ವಂತ ಪಕ್ಷದ 8 ಜನ ಡೆಮಾಕ್ರಟರ ಜೊತೆ ಸೇರಿ ಮೆಕಾರ್ಥಿಯವರನ್ನು ಇಳಿಸಿದರು. ಮತದ ಮೂಲಕ ಸ್ಪೀಕರ್ ಒಬ್ಬರನ್ನು ತೆಗೆದಿದ್ದು ಅಮೆರಿಕದ ಇತಿಹಾಸದಲ್ಲೇ ಮೊದಲು. ಹಂಗಾಮಿಯಾಗಿ ಕೂತ ಪ್ಯಾಟ್ರಿಕ್ ಮೆಕ್‌ಹೆನ್ರಿ ಸುತ್ತಿಗೆಯನ್ನು ಎಷ್ಟು ಸಿಟ್ಟಿನಿಂದ ಕುಟ್ಟಿದರೆಂದರೆ, ಆ ವಿಡಿಯೋ ಲೋಕವೆಲ್ಲ ಓಡಾಡಿತು. ಆಮೇಲೆ 22 ದಿನ ಸ್ಪೀಕರ್ ಇಲ್ಲ. ಮೂವರ ಹೆಸರು ಬಂದು ಹೋಗಿ, ಅಕ್ಟೋಬರ್ 25ಕ್ಕೆ ಲೂಸಿಯಾನಾದ ಮೈಕ್ ಜಾನ್ಸನ್ ಆಯ್ಕೆಯಾದರು.

ಇಲ್ಲಿ ನಿಮಗೊಂದು ಅನುಮಾನ ಬರಬಹುದು. ಆ 8 ಜನರಿಗೆ ಏನೂ ಆಗಲಿಲ್ವಾ? ಇಲ್ಲ. ಅಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಅನ್ನುವುದೇ ಇಲ್ಲ. ಪಕ್ಷದ ಮಾತು ಮೀರಿದರೆ ಸದಸ್ಯತ್ವ ಹೋಗುವುದಿಲ್ಲ. 2019ರಲ್ಲಿ ನಮ್ಮ 17 ಶಾಸಕರು ಅನರ್ಹರಾಗಿ, ಮುಂಬೈ ಹೋಟೆಲು, ಸುಪ್ರೀಂ ಕೋರ್ಟು ಅಂತ ಅಲೆದದ್ದು ನೆನಪಿದೆಯಲ್ಲ? ಅಲ್ಲಿ ರೆಸಾರ್ಟ್ ಬುಕ್ ಮಾಡುವ ಅಗತ್ಯವೇ ಬೀಳುವುದಿಲ್ಲ.

ಹಾಗಾದರೆ ಸದಸ್ಯತ್ವ ಹೋಗುವುದು ಹೇಗೆ? ಸಾವು, ರಾಜೀನಾಮೆ, ಉಚ್ಚಾಟನೆ. ಉಚ್ಚಾಟನೆಗೆ ಮೂರನೇ ಎರಡು ಮತ ಬೇಕು. ತುಂಬ ಅಪರೂಪ. 2023ರ ಡಿಸೆಂಬರ್ 1ರಂದು ನ್ಯೂಯಾರ್ಕಿನ ಜಾರ್ಜ್ ಸ್ಯಾಂಟೋಸ್ ಅವರನ್ನು 311–114ರಿಂದ ಹೊರಹಾಕಿದರು. ಕೆಳಮನೆಯ ಇತಿಹಾಸದಲ್ಲಿ ಹೀಗೆ ಹೋದವರಲ್ಲಿ ಅವರು ಆರನೆಯವರು. ಡಿಸೆಂಬರ್ ಕೊನೆಗೆ ಮೆಕಾರ್ಥಿ ಕೂಡ ಸದಸ್ಯತ್ವವನ್ನೇ ಬಿಟ್ಟು ಮನೆಗೆ ಹೋದರು. ಹೀಗೆ ಒಬ್ಬೊಬ್ಬರೇ ಕಳಚಿಕೊಂಡು, 222 ಇದ್ದ ರಿಪಬ್ಲಿಕನ್ನರು 2024ರ ಏಪ್ರಿಲ್ ಕೊನೆಗೆ 217ಕ್ಕೆ ಇಳಿದಿದ್ದರು.

ಒಂದೊಂದು ತಲೆಗೆ ಆಗ ಎಂಥ ಬೆಲೆ ಬಂತು ಅನ್ನುವುದಕ್ಕೆ ಫೆಬ್ರುವರಿಯ ಒಂದು ಸಂಜೆ ನೋಡಿ. 2024ರ ಫೆಬ್ರುವರಿ 6. ಬೈಡನ್ ಅವರ ಮಂತ್ರಿ ಅಲೆಹಾಂಡ್ರೊ ಮಯೋರ್ಕಸ್ ಅವರ ವಾಗ್ದಂಡನೆಗೆ, ಅಂದರೆ ಹುದ್ದೆಯಿಂದ ತೆಗೆಯಲು ಕೆಳಮನೆ ಆರೋಪ ಹೊರಿಸಿ ಸೆನೆಟ್‌ಗೆ ವಿಚಾರಣೆಗೆ ಕಳಿಸುವುದಕ್ಕೆ, ಮತ ನಡೆಯುತ್ತಿದೆ. ಎಣಿಸಿಕೊಂಡೇ ಬಂದಿದ್ದರು ರಿಪಬ್ಲಿಕನ್ನರು. ಅಷ್ಟರಲ್ಲಿ ಟೆಕ್ಸಾಸ್‌ನ ಆಲ್ ಗ್ರೀನ್, ಹೊಟ್ಟೆಯ ಆಪರೇಷನ್ ಆಗಿ ಮಲಗಿದ್ದವರು, ಆಸ್ಪತ್ರೆಯ ಬಟ್ಟೆಯಲ್ಲೇ ಗಾಲಿಕುರ್ಚಿಯಲ್ಲಿ ಬಂದು ವಿರುದ್ಧ ಮತ ಹಾಕಿದರು. 215–215. ಸಮ ಅಂದರೆ ಸೋಲು. ವಿಷಯ ಮತ್ತೆ ತರಲು ಅವಕಾಶ ಇರಲಿ ಅಂತ ಒಬ್ಬ ರಿಪಬ್ಲಿಕನ್ ಬೇಕಂತಲೇ ಮತ ಬದಲಿಸಿ, ಕೊನೆಗೆ 214–216. ಒಂದು ವಾರದ ಮೇಲೆ, ಕ್ಯಾನ್ಸರ್ ಚಿಕಿತ್ಸೆಗೆ ಹೋಗಿದ್ದ ಸ್ಟೀವ್ ಸ್ಕಲೀಸ್ ವಾಪಸ್ ಬಂದರು. 214–213ರಿಂದ ಪಾಸಾಯಿತು. ಅದೇ ದಿನ, ಸ್ಯಾಂಟೋಸ್ ಖಾಲಿ ಬಿಟ್ಟ ಸೀಟಿಗೆ ಉಪಚುನಾವಣೆ. ಗೆದ್ದಿದ್ದು ಡೆಮಾಕ್ರಟ್ ಟಾಮ್ ಸುವೋಜಿ. ಅವರು ಬಂದು ಕೂತ ಮೇಲೆ ಆ ಮತದಾನ ನಡೆದಿದ್ದರೆ? ಪುಣ್ಯಕ್ಕೆ ಅಥವಾ ಪಾಪಕ್ಕೆ, ಅವರು ಪ್ರಮಾಣವಚನ ತಗೊಂಡಿದ್ದು ಫೆಬ್ರುವರಿ 28ಕ್ಕೆ. ಇಷ್ಟೆಲ್ಲ ಮಾಡಿ ಕಳಿಸಿದ್ದನ್ನು ಏಪ್ರಿಲ್‌ನಲ್ಲಿ ಸೆನೆಟ್ ವಿಚಾರಣೆಯನ್ನೇ ನಡೆಸದೆ ಮಡಿಚಿಟ್ಟಿತು.

ಕೆಳಮನೆಯ ಸೀಟು ಖಾಲಿಯಾದರೆ ಉಪಚುನಾವಣೆ ಬಿಟ್ಟು ಬೇರೆ ದಾರಿ ಇಲ್ಲ. ಯಾರೂ ಯಾರನ್ನೂ ನೇಮಿಸುವಂತಿಲ್ಲ. ಸೆನೆಟ್ ಹಾಗಲ್ಲ. ಬಹುಪಾಲು ರಾಜ್ಯಗಳಲ್ಲಿ ಗವರ್ನರ್ ಸದ್ಯಕ್ಕೆ ಒಬ್ಬರನ್ನು ಕೂರಿಸಬಹುದು. ಕ್ಯಾಲಿಫೋರ್ನಿಯಾದ ಹಿರಿಯ ಸೆನೆಟರ್ ಡಯಾನ್ ಫೈನ್‌ಸ್ಟೈನ್ 2023ರ ಸೆಪ್ಟೆಂಬರ್ 29ರಂದು ತೀರಿಕೊಂಡರು. ಗವರ್ನರ್ ನೇಮಿಸಿದ ಲಫೋನ್ಜಾ ಬಟ್ಲರ್ ಅಕ್ಟೋಬರ್ 3ಕ್ಕೆ ಪ್ರಮಾಣವಚನ ತಗೊಂಡಾಗಿತ್ತು. ಹೌದು, ಮೆಕಾರ್ಥಿ ಇಳಿದ ಅದೇ ದಿನ, ಅದೇ ಕಟ್ಟಡದ ಇನ್ನೊಂದು ತುದಿಯಲ್ಲಿ.

ಸೆನೆಟ್ ಅಂದಾಗ ನಮ್ಮ ವಿಧಾನ ಪರಿಷತ್ ನೆನಪಾದರೆ ತಪ್ಪೇನಿಲ್ಲ. 75 ಜನ, ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ, ವಿಸರ್ಜನೆ ಇಲ್ಲ. ತಾಳ ಅದೇ. ಒಡೆದ ಅಧಿಕಾರದ ಸಣ್ಣ ರುಚಿಯೂ ನಮಗೆ ಸಿಕ್ಕಿದೆ. 2024ರ ಫೆಬ್ರುವರಿಯಲ್ಲಿ, ಮುಜರಾಯಿ ದೇವಸ್ಥಾನಗಳಿಗೆ ಸಂಬಂಧಿಸಿದ ತಿದ್ದುಪಡಿ ಮಸೂದೆ ವಿಧಾನಸಭೆಯಲ್ಲಿ ಪಾಸಾಗಿ ಪರಿಷತ್ತಿನಲ್ಲಿ ಬಿದ್ದುಹೋಯಿತು. ಅಲ್ಲಿ ಸರ್ಕಾರಕ್ಕೆ ಬಹುಮತ ಇರಲಿಲ್ಲ. ಆದರೆ ವಿಧಾನಸಭೆ ಅದೇ ತಿಂಗಳು ಅದನ್ನು ಮತ್ತೆ ಪಾಸ್ ಮಾಡಿತು. ನಮ್ಮ ಮೇಲ್ಮನೆ ತಡ ಮಾಡಬಹುದು, ಪೂರ್ತಿ ತಡೆಯಲಾರದು. ಸೆನೆಟ್ ಬೇಡ ಅಂದರೆ ಮುಗಿಯಿತು, ಕೆಳಮನೆ ಹತ್ತು ಸಲ ಪಾಸ್ ಮಾಡಿದರೂ ಅಷ್ಟೇ.

ಈ ಎರಡು ವರ್ಷದಲ್ಲಿ ಸ್ಪೀಕರ್ ಬದಲಾದರು, ಒಬ್ಬರನ್ನು ಹೊರಹಾಕಿದರು, ಕೆಲವರು ತೀರಿಕೊಂಡರು, ಕೆಲವರು ಬೇಸತ್ತು ಬಿಟ್ಟುಹೋದರು. 118ನೇ ಸಂಸತ್ತು ಮಾತ್ರ 2025ರ ಜನವರಿ 3ರ ಮಧ್ಯಾಹ್ನ 12ಕ್ಕೇ ಮುಗಿಯಿತು. ಒಂದು ದಿನ ಹಿಂದಿಲ್ಲ, ಮುಂದಿಲ್ಲ. ಪಾಸಾಗದೆ ಉಳಿದ ಮಸೂದೆಗಳೆಲ್ಲ ಅವತ್ತೇ ರದ್ದಾದವು. ಆ ಹೊತ್ತಿಗೆ ಎರಡೂ ಮನೆ ರಿಪಬ್ಲಿಕನ್ನರ ಕೈಗೆ ಬಂದಿದ್ದವು. ಜಾನ್ಸನ್ ಮತ್ತೆ ಸ್ಪೀಕರ್ ಆದರು, ಥಾಣೇದಾರ್ ಮತ್ತೆ ಗೆದ್ದು ಬಂದಿದ್ದರು. ಈ ಸಲ ಪ್ರಮಾಣವಚನಕ್ಕೆ ನಾಲ್ಕು ದಿನ ಕಾಯಬೇಕಾಗಲಿಲ್ಲ.