ಉಂಡೆ ಹೂವೆಲ್ಲ ಅಲಿಯಂ ಅಲ್ಲ

ಮೇ ತಿಂಗಳು ಬಂದರೆ ಸಾಕು, ಫುಟ್‌ಬಾಲ್ ಲಿಲ್ಲಿಯ ಫೋಟೊ ಹಾಕಿ ‘ನಮ್ಮ ಮನೆ ಅಲಿಯಂ’ ಎಂದು ಬರೆಯುವುದು ಶುರುವಾಗುತ್ತದೆ. ಊಟಿ ಕಡೆಯ ನೀಲಿ ಅಗಪ್ಯಾಂಥಸ್‌ಗೂ ಅದೇ ಹೆಸರು. ಉದ್ದ ದಂಟು, ತುದಿಯಲ್ಲೊಂದು ಉಂಡೆ ಇದ್ದರೆ ಮುಗಿಯಿತು, ಅಲಿಯಂ! ಅಸಲಿಗೆ ಅಲಿಯಂ ಅನ್ನುವುದು ಈರುಳ್ಳಿ, ಬೆಳ್ಳುಳ್ಳಿಗಳ ಕುಲ. ಅದರಲ್ಲಿ ಕೆಲವನ್ನು ಉಂಡೆ ಹೂವಿಗಾಗಿಯೇ ಬೆಳೆಸುತ್ತಾರೆ.

ಲ್ಯಾಟಿನ್‌ನಲ್ಲಿ ಅಲಿಯಂ ಅಂದರೆ ಬೆಳ್ಳುಳ್ಳಿ. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಆ ಪದವನ್ನೇ ಇಡೀ ಕುಲದ ಹೆಸರಾಗಿ ಬಳಸಿದ. ನಾವು ಇದಕ್ಕೆ ಕನ್ನಡ ಪದ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ‘ಉಳ್ಳಿ’ ಇದೆಯಲ್ಲ. ಬೆಳ್ ಮತ್ತು ಉಳ್ಳಿ ಸೇರಿ ಬೆಳ್ಳುಳ್ಳಿ, ಅಂದರೆ ಬಿಳಿ ಉಳ್ಳಿ. ಈರುಳ್ಳಿಗೆ ಕರಾವಳಿಯಲ್ಲಿ ಈಗಲೂ ನೀರುಳ್ಳಿ ಅನ್ನುತ್ತಾರೆ. ತಮಿಳು, ಮಲಯಾಳಂಗಳಲ್ಲೂ ಉಳ್ಳಿ, ತೆಲುಗಿನಲ್ಲಿ ಉಲ್ಲಿ. ಬೆಳ್ಳುಳ್ಳಿ, ನೀರುಳ್ಳಿಗಳಲ್ಲಿ ಮೊದಲ ಪದ ಯಾವ ಬಗೆ ಎಂದು ಹೇಳುತ್ತದೆ, ಕೊನೆಯದು ಯಾವ ಕುಲ ಎಂದು. ಸಸ್ಯಶಾಸ್ತ್ರದ ಜೋಡಿ ಹೆಸರೂ ಇಷ್ಟೇ ಕೆಲಸ ಮಾಡೋದು. ಅಲ್ಲಿ ಕುಲ ಮೊದಲು ಬರುತ್ತದೆ, ಅಷ್ಟೇ ವ್ಯತ್ಯಾಸ. ಇಂಥ ಪದ ಕೈಯಲ್ಲಿಟ್ಟುಕೊಂಡು ‘ಅಲಂಕಾರಿಕ ಈರುಳ್ಳಿ’ ಎಂದು ಬರೆಯುವವರಿಗೆ ಏನು ಹೇಳೋಣ? ಹೂವಿನ ಉಳ್ಳಿ ಅಂದರೆ ಸಾಲದೇ?

ಫುಟ್‌ಬಾಲ್ ಲಿಲ್ಲಿ, ಅಗಪ್ಯಾಂಥಸ್, ಉಳ್ಳಿ ಮೂರೂ ಅಮರಿಲ್ಲಿಸ್ ಕುಟುಂಬದವು, ನಿಜ. ನೆಂಟರೆಲ್ಲ ಒಂದೇ ಮನೆಯವರಾಗುತ್ತಾರಾ? ಇದು ಸುಮ್ನೆ ಹೆಸರಿನ ಜಗಳವೂ ಅಲ್ಲ. ಫುಟ್‌ಬಾಲ್ ಲಿಲ್ಲಿಯ ಗೆಡ್ಡೆಯಲ್ಲಿ ಲೈಕೊರಿನ್ ಎಂಬ ವಿಷವಿದೆ. ಅದಕ್ಕೆ ಈರುಳ್ಳಿ ಕುಲದ ಹೆಸರು ಅಂಟಿಸಿದರೆ, ಯಾರೋ ಒಬ್ಬರು ತಿಂದು ನೋಡಲೂಬಹುದು. ಅನುಮಾನ ಬಂದರೆ ಎಲೆ ಹೊಸಕಿ ಮೂಸಿ. ಈರುಳ್ಳಿ ವಾಸನೆ ಇಲ್ಲವಾದರೆ ಅಲಿಯಂ ಅನ್ನುವ ಆಸೆ ಬಿಡಿ. ವಾಸನೆ ಇದ್ದ ಮಾತ್ರಕ್ಕೆ ಅಲಿಯಂ ಅಂತಲೂ ಅಲ್ಲ. ನೇರಳೆ ಹೂವಿನ ಸೊಸೈಟಿ ಗಾರ್ಲಿಕ್ ಕೂಡ ಬೆಳ್ಳುಳ್ಳಿಯಂತೆ ನಾರುತ್ತದೆ, ಆದರೆ ಅದರ ಕುಲ ಟುಲ್ಬಾಗಿಯ.

‘ಚಿತ್ರದುರ್ಗದಲ್ಲಿ ಈರುಳ್ಳಿ ಬೆಳೆಯುತ್ತೆ, ಹೂವಿನ ಉಳ್ಳಿ ಯಾಕೆ ಬೆಳೆಯಲ್ಲ?’ ಎಂಬ ಪ್ರಶ್ನೆಯೂ ಇದೇ ಗೊಂದಲದ ಕೂಸು. ಕುಲ ಒಂದೇ ಆದರೂ ತವರು ಬೇರೆ. ಆಳೆತ್ತರ ಬೆಳೆಯುವ ಅಲಿಯಂ ಗೈಗಾಂಟಿಯಂ ಮಧ್ಯ ಏಷ್ಯಾದ ಬೆಟ್ಟಗಳದ್ದು. ನಕ್ಷತ್ರದಂಥ ಹೂಗಳ ಅಲಿಯಂ ಕ್ರಿಸ್ಟೊಫಿಯೈ ಇರಾನ್, ತುರ್ಕಮೆನಿಸ್ತಾನದ ಕಡೆಯದು. ಚಳಿಗಾಲದಲ್ಲಿ ವಾರಗಟ್ಟಲೆ ಕೊರೆಯುವ ಚಳಿ ತಿಂದರೇ ಇವುಗಳ ಗೆಡ್ಡೆ ಹೂದಂಟು ಬಿಡೋದು. ಬ್ರಿಟನ್ನಿನಲ್ಲಿ ಶರತ್ಕಾಲಕ್ಕೆ ನೆಟ್ಟರೆ ಬೇಸಿಗೆಯ ಹೊಸ್ತಿಲಲ್ಲಿ ಹೂವು. ಅಲ್ಲಿ ಅದಕ್ಕೆ ಬೇಕಾದ್ದು ಬಿಸಿಲು, ನೀರು ನಿಲ್ಲದ ಮಣ್ಣು, ಗೆಡ್ಡೆಯ ಎತ್ತರದ ಸುಮಾರು ಮೂರು ಪಟ್ಟು ಆಳದ ಗುಂಡಿ. ಹೂವು ಬರುವ ಹೊತ್ತಿಗೆ ಎಲೆ ಹಳದಿಯಾಗುತ್ತದೆ, ಅದು ರೋಗವಲ್ಲ. ಬೆಂಗಳೂರಿನ ಚಳಿ ಇವಕ್ಕೆ ಯಾವ ಮೂಲೆಗೂ ಸಾಲದು. ದುಬಾರಿ ಗೆಡ್ಡೆ ತರಿಸಿ ಎಲೆ ನೋಡುತ್ತಾ ಕೂರಬೇಕಾಗುತ್ತದೆ.

ಇಲ್ಲಿ ಹೂವಿನ ಉಳ್ಳಿ ಬೇಕೇ ಬೇಕು ಅನ್ನುವವರು ಗಾರ್ಲಿಕ್ ಚೈವ್ಸ್ ಹಾಕಿ. ಅದು ಅಪ್ಪಟ ಅಲಿಯಂ, ಪೂರ್ತಿ ಹೆಸರು ಅಲಿಯಂ ಟ್ಯೂಬರೋಸಂ. ಬಿಸಿಲಿನ ಕುಂಡ ಸಾಕು. ಎಲೆ ಅಡುಗೆಗೆ, ಬಿಳಿ ಹೂಗೊಂಚಲು ಕಣ್ಣಿಗೆ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಮಾತ್ರ ಕುಂಡವನ್ನು ಅವುಗಳ ಬಾಯಿಗೆ ಸಿಗದ ಹಾಗೆ ಇಡಿ. ಉಳ್ಳಿ ಕುಲದ ಗಿಡಗಳು ಅವುಗಳ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ.