ಮೂಳೆಗೆ ಸಿಗಬೇಕಾದ ವಿಟಮಿನ್ ವಿಷದ ಪಾಲಾದಾಗ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹತ್ತಿಯ ಹೊಲ, ಮೀನಿನ ಹೊಂಡ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ. 1970ರ ದಶಕದಲ್ಲಿ ಆ ಹತ್ತಿಗೆ ಟಾಕ್ಸಾಫೀನ್ ಎಂಬ ಕ್ಲೋರಿನ್‌ಯುಕ್ತ ಕೀಟನಾಶಕ ಹೊಡೆಯುತ್ತಿದ್ದರು. ಹೊಂಡದ ಚಾನೆಲ್ ಕ್ಯಾಟ್‌ಫಿಶ್ ಕೂಡಲೇ ಸಾಯದಷ್ಟು ಅಲ್ಪ ಪ್ರಮಾಣದ ಟಾಕ್ಸಾಫೀನ್ ಕೂಡ ಅದರ ಬೆನ್ನುಮೂಳೆಯನ್ನು ದುರ್ಬಲಗೊಳಿಸುತ್ತದೆ. ಇದರ ಕಾರಣವನ್ನು ಮಿಸೌರಿಯ ಕೊಲಂಬಿಯಾದ ಮೀನುಗಾರಿಕಾ ಪ್ರಯೋಗಾಲಯದ ಮೇಯರ್, ಮೆರ್ಲ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದರು. ಮೂಳೆಯಲ್ಲಿ ವಿಟಮಿನ್ ಸಿ ಕುಸಿದಿತ್ತು, ಅದರೊಂದಿಗೆ ಮೂಳೆಗೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನ್ ಕೂಡ. ವಿಟಮಿನ್ ಸಿ ಹೆಚ್ಚಿದ್ದ ಮೇವು ತಿಂದ ಮೀನುಗಳು ವಿಷವನ್ನು ಹೆಚ್ಚು ತಾಳಿಕೊಂಡವು.

ಕೊಲಾಜೆನ್ ಎಳೆಗಳು ಗಟ್ಟಿಯಾಗಬೇಕಾದರೆ ಅವುಗಳಲ್ಲಿನ ಪ್ರೋಲೀನ್ ಎಂಬ ಅಮೈನೋ ಆಮ್ಲಕ್ಕೆ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಗುಂಪು ಸೇರಬೇಕು; ವಿಟಮಿನ್ ಸಿ ಇಲ್ಲದೆ ಆ ಕೆಲಸ ನಡೆಯದು. ವಿಷವನ್ನು ಒಡೆಯುವ ಯಕೃತ್ತಿಗೂ ಅದೇ ವಿಟಮಿನ್ ಬೇಕು. ಎಮ್ಮೆ, ನಾಯಿಗಳು ಅದನ್ನು ತಾವೇ ತಯಾರಿಸಿಕೊಳ್ಳುತ್ತವೆ; ಕ್ಯಾಟ್‌ಫಿಶ್‌ಗೆ, ನಮ್ಮ ಕಾಟ್ಲಾ, ರೋಹುಗಳಿಗೆ ಅದು ಸಾಧ್ಯವಿಲ್ಲ. ಹಾಗಾಗಿ ಇರುವಷ್ಟನ್ನೇ ಹಂಚಿಕೊಳ್ಳಬೇಕು. ವಿಷ ಬಂದಾಗ ಯಕೃತ್ತು ಹೆಚ್ಚು ಎಳೆದುಕೊಳ್ಳುತ್ತದೆ, ಮೂಳೆ ಸೊರಗುತ್ತದೆ.

ಆರ್ಗನೋಫಾಸ್ಫೇಟ್ (ರಂಜಕಯುಕ್ತ) ಗುಂಪಿನ ಕೀಟನಾಶಕಗಳಾದ ಕ್ಲೋರ್‌ಪೈರಿಫಾಸ್, ಮಲಾಥಿಯಾನ್‌ಗಳ ವಿಷಯ ಸ್ವಲ್ಪ ಬೇರೆ. ನರಗಳ ಸಂಕೇತವನ್ನು ಸಕಾಲಕ್ಕೆ ನಿಲ್ಲಿಸುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಅವು ಕಟ್ಟಿಹಾಕುತ್ತವೆ. ಆ ಗಂಟನ್ನು ಯಾವ ವಿಟಮಿನ್ನೂ ಬಿಚ್ಚದು. ಆದರೆ ಇದೇ ವಿಷಗಳು ಕಿವಿರು, ಯಕೃತ್ತಿನ ಜೀವಕೋಶಗಳ ಕೊಬ್ಬಿನ ಪೊರೆಯನ್ನು ಆಕ್ಸಿಡೀಕರಣದಿಂದ ಕೆಡಿಸುತ್ತವೆ. ಅದನ್ನು ತಡೆಯುವುದು ವಿಟಮಿನ್ ಇ. ಬಳಕೆಯಾದ ಇ ಮತ್ತೆ ಕೆಲಸಕ್ಕೆ ಬರುವಂತೆ ಮಾಡುವುದು ಸಿ. ಎರಡನ್ನೂ ಒಟ್ಟಿಗೆ ಕೊಡಬೇಕೆನ್ನುವುದು ಇದಕ್ಕೇ.

ಸಾಮಾನ್ಯ ಗೆಂಡೆಗೆ ಒಂದು ಕೆ.ಜಿ. ಮೇವಿನಲ್ಲಿ ಸುಮಾರು 45 ಮಿ.ಗ್ರಾಂ. ಸಿ, 100 ಮಿ.ಗ್ರಾಂ. ಇ ಇದ್ದರೆ ಸಾಕು. ಇದು ಆರೋಗ್ಯವಂತ ಮೀನಿನ ಲೆಕ್ಕ; ವಿಷದ ಭಯವಿದ್ದಲ್ಲಿ ಇನ್ನೂ ಹೆಚ್ಚು ಬೇಕು. ತೌಡು, ಕಡಲೆಕಾಯಿ ಹಿಂಡಿಯಲ್ಲಿ ಸಿ ಇಲ್ಲವೆಂದೇ ಹೇಳಬೇಕು. ಕೆರೆಯಲ್ಲಿ ಪ್ಲವಕಗಳಿಂದ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಸ್ವಲ್ಪ ಸಿಗುತ್ತದೆ, ಪಂಜರದ ಮೀನಿಗೆ ಆ ಆಸರೆಯೂ ಕಡಿಮೆ. ಔಷಧಿ ಅಂಗಡಿಯ ಸಾದಾ ಆಸ್ಕಾರ್ಬಿಕ್ ಆಮ್ಲವನ್ನು (ಅಂದರೆ ವಿಟಮಿನ್ ಸಿ) ಮೇವಿಗೆ ಬೆರೆಸಿ ಇಟ್ಟರೆ ಬಿಸಿ, ತೇವ, ಖನಿಜ ಮಿಶ್ರಣದ ತಾಮ್ರ, ಕಬ್ಬಿಣ ಸೇರಿ ಅದನ್ನು ಕೆಡಿಸುತ್ತವೆ; ಉಳಿದದ್ದು ನೀರಿನಲ್ಲಿ ಕರಗಿಹೋಗುತ್ತದೆ. ಅದರ ಬದಲು ಬೇಗ ಕೆಡದ, ಫಾಸ್ಫೇಟ್ ಸೇರಿಸಿದ ವಿಟಮಿನ್ ಸಿ ಪುಡಿ ಕೊಳ್ಳಿ. ಚೀಲದ ಮೇಲೆ ಸಿ ಅಂಶ 35 ಪ್ರತಿಶತ ಎಂದಿದ್ದರೆ, ಕೆ.ಜಿ.ಗೆ 100 ಮಿ.ಗ್ರಾಂ. ಸಿ ಸಿಗಲು 100 ಕೆ.ಜಿ. ಮೇವಿಗೆ ಸುಮಾರು 29 ಗ್ರಾಂ ಪುಡಿ ಬೇಕು. ಇಷ್ಟನ್ನು ನೇರವಾಗಿ ರಾಶಿಗೆ ಸುರಿದರೆ ಒಂದು ಮೂಲೆಗೆ ಸಿಕ್ಕು, ಇನ್ನೊಂದಕ್ಕೆ ಇಲ್ಲವಾಗುತ್ತದೆ. ಮೊದಲು ಒಂದು ಕೆ.ಜಿ. ತೌಡಿಗೆ ಬೆರೆಸಿ, ಅದನ್ನು ಹತ್ತು ಕೆ.ಜಿ.ಗೆ, ಆಮೇಲೆ ಪೂರ್ತಿ ರಾಶಿಗೆ ಕಲೆಸಿ. ಉಂಡೆ ಅಥವಾ ಗುಳಿಗೆ ಮಾಡಿ ಹಾಕಿ. ಪುಡಿಯಾಗಿಯೇ ಎರಚಿದರೆ ಬೇಗ ಸೋರಿಹೋಗುತ್ತದೆ.

ಗದ್ದೆಗೆ ಔಷಧಿ ಹೊಡೆಯುವ ಕಾಲಕ್ಕಿಂತ ಕೆಲವು ವಾರ ಮುಂಚೆಯೇ ಈ ಮೇವನ್ನು ಶುರು ಮಾಡಬೇಕು. ವಿಷ ತಗುಲಿದ ಮೀನು ಮೇವು ಮುಟ್ಟುವುದನ್ನು ಬಿಡುತ್ತದೆ. ಆಗ ಮಾಡಬೇಕಾದದ್ದು ಗದ್ದೆಯ ನೀರು ಒಳಬರದಂತೆ ತೂಬು ಮುಚ್ಚಿ, ಹೊಸ ನೀರು ಹಾಯಿಸುವುದು.