ಫೆನಿಟಾಯಿನ್: ಡೋಸ್ ಏರಿಸುವ ಮುನ್ನ

ಫೆನಿಟಾಯಿನ್ ಹೇಗೆ ಫಿಟ್ಸ್ ತಡೆಯುತ್ತದೆ ಎಂದು ಕೇಳಿದರೆ ‘ಸೋಡಿಯಂ ಚಾನೆಲ್ ಮುಚ್ಚುತ್ತದೆ’ ಎಂದಷ್ಟೇ ಬರೆದು ಬಿಡಬೇಡಿ. ನರಕೋಶದೊಳಕ್ಕೆ ಸೋಡಿಯಂ ಬಿಡುವ ಬಾಗಿಲಾದ ಈ ಚಾನೆಲ್‌ಗೆ ಮೂರು ಸ್ಥಿತಿ: ವಿಶ್ರಾಂತ, ತೆರೆದ, ನಿಷ್ಕ್ರಿಯ. ಔಷಧ ಅಂಟಿಕೊಳ್ಳುವುದು ಮುಖ್ಯವಾಗಿ ನಿಷ್ಕ್ರಿಯ ಸ್ಥಿತಿಗೆ. ಅಂಟಿಕೊಂಡರೆ ಚಾನೆಲ್ ಮತ್ತೆ ಸಜ್ಜಾಗುವುದು ತಡವಾಗುತ್ತದೆ. ಎಡೆಬಿಡದೆ ಮಿಡಿಯುವ ನರಕೋಶದಲ್ಲಿ ನಿಷ್ಕ್ರಿಯ ಚಾನೆಲ್‌ಗಳೇ ಜಾಸ್ತಿ, ಆದ್ದರಿಂದ ಹಿಡಿತವೂ ಅಲ್ಲೇ ಬಿಗಿ. ಮಾಮೂಲಿ ವೇಗದಲ್ಲಿರುವ ಕೋಶಕ್ಕೆ ಅಷ್ಟಾಗಿ ಅಡ್ಡಿಯಿಲ್ಲ. ಹಳೆಯ ಫಿಟ್ಸ್ ಔಷಧ ಫಿನೋಬಾರ್ಬಿಟಾಲ್‌ನಷ್ಟು ಮಂಪರು ಇಲ್ಲದೆ ಫಿಟ್ಸ್ ತಡೆಯಬಹುದೆಂದು 1938ರಲ್ಲಿ ಅಮೆರಿಕದ ವೈದ್ಯರಾದ ಮೆರಿಟ್ ಮತ್ತು ಪುಟ್ನಮ್ ತೋರಿಸಿದ್ದು ಇದೇ ಔಷಧದಿಂದ. ಕೆಲ ಕ್ಷಣ ಅರಿವು ತಪ್ಪಿ ಸುಮ್ಮನಾಗುವ ಆಬ್ಸೆನ್ಸ್ ಸೆಳವಿಗೆ ಮಾತ್ರ ಇದು ಬೇಡ, ಕೆಲವೊಮ್ಮೆ ಹೆಚ್ಚಿಸುತ್ತದೆ. ಅಲ್ಲಿ ಬೇಕಾದದ್ದು ಟಿ-ಮಾದರಿಯ ಕ್ಯಾಲ್ಸಿಯಂ ಚಾನೆಲ್ ತಡೆಯುವ ಎಥೊಸಕ್ಸಿಮೈಡ್.

ನಿಜವಾದ ತಲೆನೋವು ಡೋಸ್‌ನದು. ಇದನ್ನು ಒಡೆಯುವ ಲಿವರ್ ಕಿಣ್ವಗಳು ಚಿಕಿತ್ಸಾ ಮಟ್ಟದಲ್ಲೇ ತಮ್ಮ ಮಿತಿಯ ಹತ್ತಿರ ಬಂದಿರುತ್ತವೆ. 70 ಕಿಲೋ ತೂಕದವರ ಲಿವರ್ ದಿನಕ್ಕೆ ಹೆಚ್ಚೆಂದರೆ 490 ಮಿ.ಗ್ರಾಂ ಒಡೆಯಬಲ್ಲದು, ರಕ್ತದಲ್ಲಿ ಲೀಟರಿಗೆ 4 ಮಿ.ಗ್ರಾಂ ಇದ್ದಾಗ ಅದರರ್ಧ ವೇಗ ಎಂದಿಟ್ಟುಕೊಳ್ಳಿ. ದಿನವೂ ಅದೇ ಡೋಸ್ ಕೊಟ್ಟಾಗ ರಕ್ತದಲ್ಲಿ ಕೊನೆಗೆ ನಿಲ್ಲುವ ಸ್ಥಿರ ಮಟ್ಟ (ಲೀಟರಿಗೆ ಮಿ.ಗ್ರಾಂ) = 4 × ಡೋಸ್ ÷ (490 − ಡೋಸ್). ದಿನಕ್ಕೆ 300 ಕೊಟ್ಟರೆ 6.3, 350ಕ್ಕೆ 10, 400ಕ್ಕೆ 17.8. ಇನ್ನೊಂದು 50 ಸೇರಿಸಿ ನೋಡಿ: 45! ಬೇಕಾದ ಮಟ್ಟ 10ರಿಂದ 20. ಅದು ದಾಟಿದರೆ ಕಣ್ಣುಗುಡ್ಡೆ ಅದುರುತ್ತದೆ, 30ರ ಮೇಲೆ ನಡಿಗೆ ತೂರಾಡುತ್ತದೆ, 40ರ ಮೇಲೆ ಮಂಕು ಕವಿಯುತ್ತದೆ.

ಹಾಗಾಗಿ ಮಟ್ಟ 7ಕ್ಕಿಂತ ಕೆಳಗಿದ್ದರೆ ದಿನದ ಡೋಸ್‌ಗೆ 100 ಮಿ.ಗ್ರಾಂ, 7ರಿಂದ 12ರ ನಡುವೆ 50, ಅದರ ಮೇಲೆ 30ಕ್ಕಿಂತ ಹೆಚ್ಚು ಏರಿಸುವುದಿಲ್ಲ. ಮಟ್ಟ ಏರಿದಷ್ಟೂ ಸ್ಥಿರವಾಗಲು ಹೆಚ್ಚು ದಿನ ಹಿಡಿಯುತ್ತದೆ, ಎರಡು-ಮೂರು ವಾರವೂ ಆಗಬಹುದು. ಮೂರನೇ ದಿನವೇ ರಕ್ತ ತೆಗೆದು ‘ಇನ್ನೂ ಸಾಲದು’ ಎಂದು ಮತ್ತೆ ಏರಿಸಿದರೆ ವಿಷವೇರುವುದು ಖಂಡಿತ ಎಂದೇ ತಿಳಿಯಿರಿ.

ವರದಿ ಓದುವಾಗ ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಕೂಡ ನೋಡಿ. ಔಷಧದ ಸುಮಾರು 90% ಅದಕ್ಕೇ ಅಂಟಿರುತ್ತದೆ. ಕೆಲಸ ಮಾಡುವುದು ಉಳಿದ 10%. ಆಲ್ಬುಮಿನ್ ಕಡಿಮೆಯಿದ್ದರೆ ಅಳೆದ ಮಟ್ಟವನ್ನು ಸರಿಪಡಿಸಿ ಓದಬೇಕು: ಅಳೆದದ್ದು 8, ಆಲ್ಬುಮಿನ್ ಡೆಸಿಲೀಟರಿಗೆ 2 ಗ್ರಾಂ ಎಂದಿದ್ದರೆ, 8 ÷ (0.2 × 2 + 0.1) = 16. ಕಡಿಮೆ ಎನಿಸಿದ್ದು ಸರಿಯಾಗೇ ಇತ್ತು. ಇನ್ನೊಂದು ಫಿಟ್ಸ್ ಔಷಧ ವಾಲ್ಪ್ರೊಯೇಟ್ ಜೊತೆಗಿದ್ದರೆ ಈ ಸೂತ್ರವನ್ನೂ ನಂಬುವಂತಿಲ್ಲ; ಅದು ಫೆನಿಟಾಯಿನನ್ನು ಆಲ್ಬುಮಿನ್‌ನಿಂದ ಎಬ್ಬಿಸಿಬಿಡುತ್ತದೆ, ಅಂಟದೆ ಉಳಿದ ಮುಕ್ತ ಮಟ್ಟವನ್ನೇ ಅಳೆಸಬೇಕು.

ದ್ರವರೂಪದ ಔಷಧವಾದರೆ ಬಾಟಲಿ ಚೆನ್ನಾಗಿ ಕುಲುಕಿಸಲು ಹೇಳಿ. ಇಲ್ಲದಿದ್ದರೆ ಮೊದಲು ನೀರು, ಕೊನೆಗೆ ವಿಪರೀತ ಡೋಸ್. ನಿಲ್ಲದ ಫಿಟ್ಸ್‌ಗೆ ರಕ್ತನಾಳದಲ್ಲಿ ಕೊಡುವಾಗ ಕಿಲೋಗೆ 20 ಮಿ.ಗ್ರಾಂ, ನಾರ್ಮಲ್ ಸಲೈನ್‌ನಲ್ಲೇ, ಡೆಕ್ಸ್‌ಟ್ರೋಸ್‌ನಲ್ಲಿ ಹರಳುಗಟ್ಟುತ್ತದೆ. ವಯಸ್ಕರಲ್ಲಿ ವೇಗ ನಿಮಿಷಕ್ಕೆ 50 ಮಿ.ಗ್ರಾಂ ಮೀರಬಾರದು. ಮೀರಿದರೆ ಬಿಪಿ ಕುಸಿಯುತ್ತದೆ, ಎದೆಬಡಿತ ತಾಳ ತಪ್ಪುತ್ತದೆ; ಆದ್ದರಿಂದ ಇಸಿಜಿ ಮಾನಿಟರ್ ಹಾಕಿಯೇ ಶುರುಮಾಡಬೇಕು.